ಕಂಟ್ರೋಲ್, ಎಫ್ 6 ಮತ್ತು ಒಂದು ಹೆಬ್ಬೆಟ್ಟು

ಕಳೆದ ದಸರಾ ರಜೆಯಲ್ಲಿ ಯಳಂದೂರಿನಿಂದ ನನ್ನ ತಂಗಿಯ ಮಗಳು ಕೊಳ್ಳೇಗಾಲಕ್ಕೆ ಬಂದಿದ್ದಳು. ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಳೆ. ಕಾಲೇಜಿಗೆ ಒಂದು ಪ್ರಾಜೆಕ್ಟ್ ವರದಿ ಒಪ್ಪಿಸಬೇಕಂತೆ. ವಿಷಯ ಅವಳ ಊರಿನದೇ: ಗೌರೀಶ್ವರ ದೇವಾಲಯದ ಬಳೆಮಂಟಪ, ಅದರ ಕಲ್ಲಿನ ಬಳೆಗಳು. "ದೊಡ್ಡಮ್ಮ, ನೀವು ಅಷ್ಟು ವರ್ಷ ಟೈಪಿಂಗ್ ಮಾಡಿದವರಲ್ವಾ? ಸ್ವಲ್ಪ ಪಕ್ಕದಲ್ಲಿ ಕೂತ್ಕೊಳ್ಳಿ, ಧೈರ್ಯ ಇರುತ್ತೆ" ಎಂದು ಲ್ಯಾಪ್‌ಟಾಪ್ ತೆರೆದಳು. ನಾನು ಹುರುಳಿಕಾಯಿಯ ಮೊರ ತೊಡೆಯ ಮೇಲಿಟ್ಟುಕೊಂಡು ನಾರು ತೆಗೆಯುತ್ತ ಕೂತೆ.

ಅವಳು ಮೂರು ಫೈಲು ತೆರೆದಿದ್ದಳು. ಒಂದರಲ್ಲಿ ಊರಿನ ಹಿರಿಯರನ್ನು ಮಾತಾಡಿಸಿ ಬರೆದುಕೊಂಡ ಟಿಪ್ಪಣಿ, ಇನ್ನೊಂದರಲ್ಲಿ ಗ್ರಂಥಾಲಯದ ಪುಸ್ತಕಗಳಿಂದ ಇಳಿಸಿಕೊಂಡದ್ದು, ಮೂರನೆಯದು ವರದಿ. ಟಿಪ್ಪಣಿಯ ಒಂದು ಸಾಲು ಓದುತ್ತಾಳೆ. ಕೈ ಮೌಸಿಗೆ ಹೋಗುತ್ತದೆ. ಬಾಣ ಪರದೆಯ ತಳದ ಪಟ್ಟಿಗೆ ಇಳಿಯುತ್ತದೆ. ಅಲ್ಲಿ ವರ್ಡ್‌ನ ಗುರುತಿನ ಮೇಲೆ ನಿಂತರೆ ಮೂರು ಪುಟ್ಟ ಚಿತ್ರಗಳು ಏಳುತ್ತವೆ, ಮೂರೂ ಬಿಳಿ ಹಾಳೆಗಳೇ. ಒಂದನ್ನು ಒತ್ತುತ್ತಾಳೆ. "ಅಯ್ಯೋ, ಇದಲ್ಲ." ಮತ್ತೆ ಕೆಳಗೆ. ಸರಿಯಾದದ್ದು ಸಿಗುವ ಹೊತ್ತಿಗೆ ಓದಿದ ಸಾಲು ಮರೆತಿರುತ್ತದೆ. ಮತ್ತೆ ಟಿಪ್ಪಣಿಗೆ ವಾಪಸು. ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಹದಿನಾಲ್ಕು ಸಲ ಹೀಗೆ ಓಡಾಡಿದಳು. ಎಣಿಸುವುದು ನನ್ನ ಹಳೆಯ ಚಾಳಿ. ಜಾಬ್ ಟೈಪಿಂಗ್ ಅಂಗಡಿಯಲ್ಲಿ ಪುಟಕ್ಕಿಷ್ಟು ಎಂದು ದುಡ್ಡು ಎಣಿಸಿದ ಕೈ ಇದು.

ತಡೆಯಲಾಗಲಿಲ್ಲ. "ಮೌಸ್ ಬಿಡು. ಎಡಗೈಲಿ ಕಂಟ್ರೋಲ್ ಹಿಡ್ಕೊ, ಮೇಲಿನ ಸಾಲಲ್ಲಿ ಎಫ್ 6 ಒತ್ತು" ಎಂದೆ. ಇವರಿಗೇನು ಗೊತ್ತು ಎನ್ನುವ ಹಾಗೆ ಒಮ್ಮೆ ನನ್ನ ಮುಖ ನೋಡಿ ಒತ್ತಿದಳು. ಹಾಳೆ ಅಲುಗಲಿಲ್ಲ. ಬದಲಿಗೆ ಲ್ಯಾಪ್‌ಟಾಪಿನ ಸದ್ದು ಕಡಿಮೆಯಾದ ಗುರುತು ಬಂತು! ಮಗು ಜೋರಾಗಿ ನಕ್ಕಿತು. ನನಗೂ ಮುಜುಗರ. ಆಮೇಲೆ ಹೊಳೆಯಿತು: ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ಮೇಲಿನ ಸಾಲಿನ ಕೀಲಿಗಳಿಗೆ ಸದ್ದು, ಬೆಳಕು ಹೆಚ್ಚು ಕಡಿಮೆ ಮಾಡುವ ಚಾಕರಿಯನ್ನು ಮೊದಲು ಕೊಟ್ಟಿರುತ್ತಾರೆ. ಅವುಗಳ ಹಳೆಯ ಕೆಲಸ ಬೇಕೆಂದರೆ ಕೆಳಗಿನ ಸಾಲಿನಲ್ಲಿರುವ 'ಎಫ್‌ಎನ್' ಎಂಬ ಸಣ್ಣ ಕೀಲಿಯನ್ನೂ ಜೊತೆಗೆ ಅದುಮಬೇಕು. ಹಾಗೆ ಅದುಮಿದಾಗ ಟಿಪ್ಪಣಿ ಹೋಗಿ ಇನ್ನೊಂದು ಹಾಳೆ ಬಂತು. ಮತ್ತೆ ಅದುಮಿದರೆ ಮತ್ತೊಂದು. ಜೊತೆಗೆ ಶಿಫ್ಟ್ ಸೇರಿಸಿದರೆ ಹಿಂದುಹಿಂದಕ್ಕೆ.

"ಇದು ನಿಮಗೆ ಹೇಗೆ ಗೊತ್ತು ದೊಡ್ಡಮ್ಮ?" ಎಂದಳು.

ಆ ಪ್ರಶ್ನೆಗೆ ಪೂರಾ ಉತ್ತರ ಹೇಳಬೇಕಾದರೆ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಅವತ್ತು ಅರ್ಧ ಮಾತ್ರ ಹೇಳಿದೆ.

ನಮ್ಮದು ನೇಕಾರರ ಮನೆ. ಕೊಳ್ಳೇಗಾಲದ ರೇಷ್ಮೆ ಸೀರೆ ಎಂದರೆ ನಿಮಗೆಲ್ಲ ಗೊತ್ತಿರುತ್ತದೆ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿ ಎಡಕ್ಕೆ ಬಲಕ್ಕೆ ಓಡುತ್ತಿತ್ತು. ಅವರು ಒಮ್ಮೆಯೂ ಲಾಳಿಯನ್ನು ನೋಡಿದವರಲ್ಲ, ಕಣ್ಣೆಲ್ಲ ನೇಯ್ಗೆಯ ಮೇಲೆ. ಮಗ್ಗ ನನ್ನ ಪೀಳಿಗೆಗೆ ಅನ್ನ ಹಾಕುವುದಿಲ್ಲ ಎಂದು ಅವರಿಗೆ ಮೊದಲೇ ಅನ್ನಿಸಿತ್ತೇನೋ, ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮಹಡಿಯ ಮೇಲಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದರು. ಅಲ್ಲಿ ಕಲಿಸಿದ ಮೊದಲ ಪಾಠವೂ ಅಪ್ಪನದೇ: ಕಣ್ಣು ಪ್ರತಿಯ ಮೇಲಿರಬೇಕು, ಕೀಲಿಯ ಮೇಲಲ್ಲ. ನೋಡಿದರೆ ಮೇಷ್ಟ್ರು ಬೆರಳಿಗೆ ಸ್ಕೇಲಿನಿಂದ ಬಡಿಯುತ್ತಿದ್ದರು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿ, ತಾಲ್ಲೂಕು ಕಚೇರಿಗೆ ಹತ್ತಿರದ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಕೂತೆ.

ಆಗ ಹನೂರು ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಈಗ ಹನೂರಿನವರು ತಮ್ಮ ಊರಿನಲ್ಲೇ ಮುಗಿಸಿಕೊಳ್ಳುವ ಕೆಲಸಕ್ಕೆಲ್ಲ ಅಂದು ಕೊಳ್ಳೇಗಾಲಕ್ಕೇ ಬರಬೇಕಿತ್ತು. ರಾಮಾಪುರ, ಕೌದಳ್ಳಿ, ಮಾರ್ಟಳ್ಳಿ, ಅತ್ತ ಮಲೆ ಮಹದೇಶ್ವರ ಬೆಟ್ಟದ ಕಡೆಯ ಹಳ್ಳಿಗಳಿಂದ ಜನ ಕೋಳಿ ಕೂಗುವಾಗ ಎದ್ದು ಬಸ್ಸು ಹಿಡಿದು ಬರುತ್ತಿದ್ದರು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದ ಮೇಲೆ ಇನ್ನೂ ಒಂದು ಹೆಜ್ಜೆ ಹೆಚ್ಚಾಯಿತು: ಕೊಳ್ಳೇಗಾಲದಲ್ಲಿ ಕಾಗದ ಮಾಡಿಸಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗುವುದು. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಲ್ಲ, ಕೆಲವರು ಅಜ್ಜನ ಕಾಲದ ತಮಿಳು ಪತ್ರಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತರುತ್ತಿದ್ದರು. ಓದಬಲ್ಲವರು ಯಾರಾದರೂ ಕೂತು ಕನ್ನಡದಲ್ಲಿ ಹೇಳಿದರೆ ನಾನು ಹೊಡೆಯುತ್ತಿದ್ದೆ. ಟೈಪ್‌ರೈಟರಿನಲ್ಲಿ ಒಂದು ಅನುಕೂಲವಿತ್ತು. ಒಂದು ಯಂತ್ರದಲ್ಲಿ ಒಂದೇ ಕಾಗದ. ಅದು ಮುಗಿದು ಉರುಳೆಯಿಂದ ಹೊರಬಂದರೇನೇ ಇನ್ನೊಂದು ಒಳಗೆ. ಯಾರ ಕಾಗದ ಯಾರದು ಎಂಬ ಗೊಂದಲಕ್ಕೆ ಜಾಗವೇ ಇರಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಯಜಮಾನರು ಅದಕ್ಕೆ ಕುಂಕುಮವಿಟ್ಟು, ನಿಂಬೆಹಣ್ಣು ಇಟ್ಟು, ಕಾಯಿ ಒಡೆದರು. ಕಾಯಿನೀರು ಹಾರಿ ಕೀಲಿಮಣೆಯ ಮೇಲೆ ಬಿದ್ದು ಮೊದಲ ದಿನವೇ ಅದನ್ನು ಒರೆಸಿ ಒಣಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಸದಾಗಿ ಕಲಿಯುವುದು ಬೇಕಾದಷ್ಟಿತ್ತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಅಕ್ಷರಗಳ ಜಾಗವೇ ಬೇರೆ. ಕೆ. ಪಿ. ರಾವ್ ಅವರ ವಿನ್ಯಾಸದ ಆಧಾರದ ಮೇಲೆ ಮಾಡಿದ್ದು. ಇಂಗ್ಲಿಷಿನ 'ಕೆ' ಇರುವಲ್ಲಿ 'ಕ'. ಹೊಸಬರಿಗೆ ಬಹಳ ಸುಲಭ, ಹಳೆಯ ಬೆರಳಿಗೆ ಶಿಕ್ಷೆ. ನನ್ನ ಬೆರಳುಗಳು ತಿಂಗಳುಗಟ್ಟಲೆ ಟೈಪ್‌ರೈಟರಿನ ಹಳೆಯ ಮನೆಗೇ ಹೋಗಿ ಬಾಗಿಲು ತಟ್ಟುತ್ತಿದ್ದವು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎಂದರೆ ಒಂದೇ ಯಂತ್ರದ ಹೊಟ್ಟೆಯಲ್ಲಿ ಏಕಕಾಲಕ್ಕೆ ಹತ್ತು ಕಾಗದ ಇರಬಹುದಾದದ್ದು. ಇದು ಒಮ್ಮೆಗೇ ಆದದ್ದಲ್ಲ. ಡಾಸ್ ಕಾಲದಲ್ಲಿ ವರ್ಡ್‌ಪರ್ಫೆಕ್ಟ್ ಎಂಬ ಹೆಸರುವಾಸಿ ತಂತ್ರಾಂಶವಿತ್ತು, ಅದರ 5.1 ಆವೃತ್ತಿ ಬಂದದ್ದು 1989ರಲ್ಲಿ. ಅದರಲ್ಲಿ ಎರಡು ಕಾಗದ ತೆರೆದಿಡಬಹುದಿತ್ತು, ಶಿಫ್ಟ್ ಜೊತೆ ಎಫ್ 3 ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಜಿಗಿತ. (ವರ್ಡ್‌ನಲ್ಲಿ ಅದೇ ಎರಡು ಕೀಲಿ ಒತ್ತಿದರೆ ಇಂಗ್ಲಿಷಿನ ಸಣ್ಣಕ್ಷರ ದೊಡ್ಡಕ್ಷರವಾಗುತ್ತದೆ. ಒಂದು ಮನೆಯ ವಾಡಿಕೆ ಇನ್ನೊಂದು ಮನೆಯಲ್ಲಿ ನಡೆಯುವುದಿಲ್ಲ ನೋಡಿ.) ನಮ್ಮ ಅಂಗಡಿಯಲ್ಲಿದ್ದದ್ದು ವರ್ಡ್ 97. ಅದರಲ್ಲಿ ಎಷ್ಟು ಕಾಗದ ತೆರೆದರೂ ಎಲ್ಲವೂ ಒಂದೇ ಚೌಕಟ್ಟಿನೊಳಗೆ, ಒಂದರ ಹಿಂದೊಂದು ಅಡಗಿ ಕೂರುತ್ತಿದ್ದವು. ಕಣ್ಣಿಗೆ ಕಾಣುವುದು ಮೇಲಿನದು ಮಾತ್ರ. ಹಿಂದಿನದು ಬೇಕೆಂದರೆ ಮೇಲಿನ 'ವಿಂಡೋ' ಪಟ್ಟಿ ಇಳಿಸಿ ಹೆಸರು ಹುಡುಕಬೇಕು. ಉಳಿಸಿ ಹೆಸರು ಕೊಟ್ಟಿದ್ದರೆ ಹೆಸರು ಇರುತ್ತದೆ. ಇಲ್ಲದಿದ್ದರೆ 'ಡಾಕ್ಯುಮೆಂಟ್ 1', 'ಡಾಕ್ಯುಮೆಂಟ್ 2' ಅಷ್ಟೇ. ಹೆಸರಿಡುವಷ್ಟು ಪುರಸೊತ್ತು ನನಗೆಲ್ಲಿತ್ತು?

2003ರ ಜೂನ್. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಕಾಲೇಜಿಗೆ, ಹಾಸ್ಟೆಲಿಗೆ ಅರ್ಜಿ ಹಾಕುವ ಕಾಲ. ಅಂಗಡಿಯ ಮುಂದೆ ಸಾಲು. ಅವತ್ತು ಬೆಳಿಗ್ಗೆ ಊರಿನ ದಿನಸಿ ವ್ಯಾಪಾರಿಯೊಬ್ಬರು ಬಂದು ತಮ್ಮ ಮಗನ ಕಾಲೇಜಿನ ಕೆಲಸಕ್ಕೆ ಒಂದು ಅಫಿಡವಿಟ್ ಬೇಕೆಂದು ವಿವರ ಕೊಟ್ಟು ಹೋಗಿದ್ದರು. ವರ್ಷದ ವರಮಾನ 84,000 ರೂಪಾಯಿ. ಅದನ್ನು ಹೊಡೆದಿಟ್ಟೆ. ಮಧ್ಯಾಹ್ನ ಹನೂರಿನಿಂದ ಆಚೆಯ ಒಂದು ಹಳ್ಳಿಯ ಹೆಂಗಸು, ಜೊತೆಗೆ ಮಗ. ಹುಡುಗನಿಗೆ ಹಾಸ್ಟೆಲ್ ಸೀಟು ಬೇಕು. ಅದಕ್ಕೂ ವರಮಾನದ ಬಗ್ಗೆ ಒಂದು ಅಫಿಡವಿಟ್. ಅವರ ವರಮಾನ 9,600. ಇಬ್ಬರದೂ ಒಂದೇ ಒಕ್ಕಣೆ. ನಾವು ಮಾಡುತ್ತಿದ್ದದ್ದು ಎಲ್ಲ ಅಂಗಡಿಯವರೂ ಮಾಡುವುದೇ: ಹಳೆಯದನ್ನು ಪೂರ್ತಿ ನಕಲು ಮಾಡಿ ಹೊಸ ಹಾಳೆಗೆ ಅಂಟಿಸಿ, ಹೆಸರು, ವಯಸ್ಸು, ಊರು, ಅಂಕಿ ಬದಲಾಯಿಸುವುದು.

ಹೆಸರು ಬದಲಾಯಿಸಿದೆ, ಊರು ಬದಲಾಯಿಸಿದೆ. ಅಷ್ಟರಲ್ಲಿ ವ್ಯಾಪಾರಿಯ ಅಂಗಡಿಯ ಹುಡುಗ ಬಂದು "ನಮ್ ಸಾವ್ಕಾರ್ರ್‌ದು ಆಯ್ತಾ?" ಎಂದ. ಮೌಸ್ ಹಿಡಿದು ಪಟ್ಟಿ ಇಳಿಸಿ ಅವರ ಹಾಳೆ ತೆರೆದು ನೋಡಿ, "ಸಂಜೆ ಬರೋಕ್ಕೇಳು" ಎಂದೆ. ಹಾಳೆಯನ್ನು ಹಾಗೇ ಬಿಟ್ಟಿದ್ದೆ. ತಾಯಿಯ ಕಡೆ ತಿರುಗಿ "ವರಮಾನ ಎಷ್ಟಮ್ಮ?" ಎಂದು ಇನ್ನೊಮ್ಮೆ ಕೇಳಿದೆ. ಅವರು ಹೇಳಿದರು. 84,000ವನ್ನು ಅಳಿಸಿ 9,600 ಎಂದು ಹೊಡೆದೆ. ಹೊಡೆದದ್ದು ವ್ಯಾಪಾರಿಯ ಹಾಳೆಯಲ್ಲಿ.

ಕರೆಂಟು ಒಮ್ಮೆ ಮಿಣುಕಿತು. ಯುಪಿಎಸ್ ಕೂಗತೊಡಗಿತು. ಅವರಿಗೂ ಬಸ್ಸಿನ ಅವಸರ, ನೋಟರಿಯವರು ಎದ್ದು ಹೋಗುತ್ತಾರೆಂಬ ಭಯ. ಪ್ರಿಂಟ್ ಕೊಡುವ ಮುಂಚೆ ಪಟ್ಟಿಯಿಂದ ತಾಯಿಯ ಹಾಳೆ ತೆರೆದು ತಲೆಯ ಎರಡು ಸಾಲು ನೋಡಿದೆ. ಹೆಸರು ಸರಿ, ಊರು ಸರಿ. ಮಾಮೂಲಿಯಾಗಿ ಮೊದಲು ಬಿಳಿ ಹಾಳೆಯಲ್ಲಿ ಒಂದು ಪ್ರತಿ ತೆಗೆದು ಓದಲು ಕೊಡುತ್ತಿದ್ದೆವು. ಓದು ಬಾರದವರಿಗೆ ಅದೇಕೆ ಎಂದುಕೊಂಡು ಸೀದಾ ಛಾಪಾ ಕಾಗದವನ್ನೇ ಪ್ರಿಂಟರಿಗೆ ಇಟ್ಟೆ. ಆ ತಾಯಿ ಶಾಯಿಯ ಪೆಟ್ಟಿಗೆಯಲ್ಲಿ ಬೆರಳೊತ್ತಿ, ನಾನು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದರು. ಬೆರಳನ್ನು ತಲೆಕೂದಲಿಗೆ ಒರೆಸಿಕೊಂಡು, ಸೆರಗಿನ ಗಂಟಿನಿಂದ ದುಡ್ಡು ಬಿಚ್ಚಿ ಕೊಟ್ಟು ಹೋದರು.

ಸಂಜೆ ವ್ಯಾಪಾರಿ ಬಂದರು. ಕನ್ನಡಕ ಹಾಕಿಕೊಂಡು ಬಿಳಿ ಹಾಳೆಯನ್ನು ಸಾಲು ಸಾಲಾಗಿ ಓದಿ ಗಹಗಹಿಸಿ ನಕ್ಕರು. "ಏನಮ್ಮ ತಾಯಿ, ಒಂದೇ ದಿವ್ಸಕ್ಕೆ ನನ್ನ ಬಡವನ್ನ ಮಾಡ್ಬುಟ್ಟಿದ್ದೀಯಲ್ಲ!" ಅಂಗಡಿಯಲ್ಲಿದ್ದವರೂ ನಕ್ಕರು, ನಾನೂ ನಕ್ಕೆ. ಅಂಕಿ ತಿದ್ದಿ ಛಾಪಾ ಕಾಗದದಲ್ಲಿ ತೆಗೆದುಕೊಟ್ಟೆ.

ಈ 9,600 ಇಲ್ಲಿಗೆ ಎಲ್ಲಿಂದ ಬಂತು, ಇದು ಇಲ್ಲಿದ್ದರೆ ಆ 84,000 ಎಲ್ಲಿಗೆ ಹೋಯಿತು ಎಂದು ನಾನು ಆ ಕ್ಷಣ ಒಂದು ಮಾತು ಯೋಚಿಸಬಹುದಿತ್ತು. ತಪ್ಪು ನನ್ನ ಎದುರಿಗೇ ಬಂದು ನಿಂತಿತ್ತು, ಅದೂ ನಗಿಸುತ್ತ. ನಾನು ಅದರ ಜಾಡು ಹಿಡಿಯಲಿಲ್ಲ. ಹಾಳೆ ಬದಲಾದದ್ದು ಅವಸರದಲ್ಲಿ, ಅದು ಯಾರಿಗಾದರೂ ಆಗಬಹುದು. ಸಂಜೆಯದಕ್ಕೆ ಮಾತ್ರ ಇಂದಿಗೂ ನನ್ನಲ್ಲಿ ನೆಪವಿಲ್ಲ.

ಹದಿನೈದು ದಿನ ಕಳೆದು ತಾಯಿ, ಮಗ ಮತ್ತೆ ಬಂದರು. ತಹಸೀಲ್ದಾರರ ವರಮಾನದ ಸರ್ಟಿಫಿಕೇಟಿನಲ್ಲಿ ಒಂದು ಅಂಕಿ, ಅಫಿಡವಿಟ್ಟಿನಲ್ಲಿ ಇನ್ನೊಂದು ಅಂಕಿ ಎಂದು ಅರ್ಜಿ ವಾಪಸು ಬಂದಿತ್ತು. ಕಚೇರಿಯವರು ಮಾಡಿದ್ದು ಸರಿಯೇ. ಕಾಗದ ನೋಡಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ಹುಡುಗ ನನ್ನನ್ನು ನೋಡುತ್ತಿರಲಿಲ್ಲ, ಪರದೆಯನ್ನು ನೋಡುತ್ತಿದ್ದ. ನನ್ನ ಬಾಯಿಂದ ಬಂದದ್ದು ಹೀಗೆ: "ಕಂಪ್ಯೂಟರ್ ತಪ್ಪು ಮಾಡ್ಬಿಟ್ಟಿದೆ ಕಣಮ್ಮ."

ಆ ಕಾಲದಲ್ಲಿ ಎಲ್ಲರೂ ಹಾಗೆ ಹೇಳುತ್ತಿದ್ದರು, ಕೇಳಿದವರು ನಂಬುತ್ತಿದ್ದರು. ಆ ತಾಯಿಯೂ ನಂಬಿದರು. "ಮಿಸನ್ನು, ಅದ್ಕೇನ್ ಗೊತ್ತು ಪಾಪ" ಎಂದರು. ಆಮೇಲೆ ಸ್ವಲ್ಪ ತಡೆದು, "ಇದ್ಕೂ ದುಡ್ ಕೊಡ್ಬೇಕಾ ಅಕ್ಕಾ?" ಎಂದರು.

ಛಾಪಾ ಕಾಗದ ನಾನೇ ತರಿಸಿದೆ, ಹೊಸದಾಗಿ ಹೊಡೆದುಕೊಟ್ಟೆ. ಆದರೆ ಹಾಸ್ಟೆಲಿನ ಪಟ್ಟಿ ಅಷ್ಟರಲ್ಲಿ ಆಗಿಹೋಗಿತ್ತು. ಆ ವರ್ಷ ಹುಡುಗ ದಿನವೂ ಬಸ್ಸಿನಲ್ಲಿ ಓಡಾಡಿದ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ಡು ತಪ್ಪಿದಂತೆ. ಆ ಕಡೆಯ ರಸ್ತೆಯನ್ನು ಬಲ್ಲವರಿಗೆ ಅದೆಂಥ ಓಡಾಟ ಎಂದು ನಾನು ಹೇಳಬೇಕಾಗಿಲ್ಲ.

ಅದಾದ ಕೆಲವೇ ದಿನಗಳಲ್ಲಿ ಪ್ರಿಂಟರ್ ರಿಪೇರಿಗೆಂದು ಮೈಸೂರಿನಿಂದ ಒಬ್ಬ ಹುಡುಗ ಬಂದಿದ್ದ. ನಾನು ಪಟ್ಟಿ ಇಳಿಸಿ ಹಾಳೆ ಹುಡುಕುವುದನ್ನು ಹಿಂದಿನಿಂದ ನೋಡುತ್ತ ನಿಂತವನು, "ಅಕ್ಕ, ನೀವು ಕೀಲಿ ನೋಡದೆ ಟೈಪ್ ಮಾಡ್ತೀರಿ, ಆದ್ರೆ ಹಾಳೆ ಬದಲಾಯ್ಸೋಕೆ ಯಾಕೆ ಮೌಸ್ ಹಿಡೀತೀರಿ?" ಎಂದು ಕಂಟ್ರೋಲ್, ಎಫ್ 6 ತೋರಿಸಿಕೊಟ್ಟ. ಎರಡು ನಿಮಿಷದ ಪಾಠ. ಒಂದು ಲೋಟ ಕಾಫಿ ಬಿಟ್ಟರೆ ಅವನು ಅದಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ಇದರಿಂದ ಸಮಯ ಉಳಿಯುತ್ತದೆ ಎನ್ನುತ್ತಾರೆ. ಉಳಿಯುತ್ತದೆ, ಆದರೆ ಅದು ಸಣ್ಣ ಲಾಭ. ದೊಡ್ಡ ಲಾಭ ಬೇರೆ. ಪ್ರತಿ ಹಾಳೆಯಲ್ಲೂ ನಾವು ಎಲ್ಲಿ ಬರೆಯುತ್ತಿದ್ದೆವೋ ಅಲ್ಲಿ ಒಂದು ಸಣ್ಣ ಗೆರೆ ಮಿಣುಕುತ್ತಿರುತ್ತದೆ. ಕೀಲಿಯಿಂದ ಹೋಗಿ ಬಂದರೆ ಆ ಗೆರೆ ಬಿಟ್ಟ ಜಾಗದಲ್ಲೇ ಕಾದಿರುತ್ತದೆ, ಪುಸ್ತಕದಲ್ಲಿ ನವಿಲುಗರಿ ಇಟ್ಟ ಹಾಗೆ. ಮೌಸಿನಿಂದ ಹಾಳೆಯ ನಡುಮಧ್ಯೆ ಎಲ್ಲೋ ಒಂದು ಕಡೆ ಒತ್ತಿದರೆ ಗೆರೆ ಅಲ್ಲಿಗೇ ಹಾರಿಬಿಡುತ್ತದೆ. ಮುಂದೆ ಹೊಡೆದ ಅಕ್ಷರ ಯಾವ ಸಾಲಿನ ಹೊಟ್ಟೆಗೆ ಸೇರಿತು ಎಂದು ಆಮೇಲೆ ಹುಡುಕಬೇಕು. ಇನ್ನೊಂದು, ಬಾಣ ಎಲ್ಲಿದೆ ಎಂದು ಹುಡುಕುವಾಗ ಕಣ್ಣು ಪ್ರತಿಯನ್ನು ಬಿಟ್ಟಿರುತ್ತದೆ. ಕಣ್ಣು ಬಿಟ್ಟ ಮೇಲೆ ಮನಸ್ಸೂ ಬಿಡುತ್ತದೆ. ನಮ್ಮ ಟೈಪಿಂಗ್ ಮೇಷ್ಟ್ರ ಸ್ಕೇಲಿನ ಅರ್ಥ ಆಗ ತಿಳಿಯಿತು.

ಆಲ್ಟ್ ಮತ್ತು ಟ್ಯಾಬ್ ಕೀಲಿಗಳು ಹೆಚ್ಚು ಜನರಿಗೆ ಗೊತ್ತು. ಅವು ಪರದೆಯಲ್ಲಿ ತೆರೆದಿರುವ ಎಲ್ಲವನ್ನೂ ಸುತ್ತಿಸುತ್ತವೆ. ವರದಿ, ಟಿಪ್ಪಣಿ, ಜೊತೆಗೆ ಕ್ರಿಕೆಟ್ ಸ್ಕೋರು, ಹಾಡು ಎಲ್ಲ. ಕೊನೆಯದಾಗಿ ನೋಡಿದ್ದು ಮೊದಲು ಬರುತ್ತದೆ, ಆದ್ದರಿಂದ ಎರಡೇ ಹಾಳೆಗಳ ನಡುವೆ ಓಡಾಡಲು ಬಲು ಚೆನ್ನ. ಕಂಟ್ರೋಲ್, ಎಫ್ 6 ವರ್ಡ್‌ನ ಹಾಳೆಗಳನ್ನು ಬಿಟ್ಟು ಬೇರೆಡೆ ಹೋಗುವುದಿಲ್ಲ. ಓದುವ ಮಕ್ಕಳಿಗೆ ಇದೇ ಕ್ಷೇಮ ಎಂದು ನನ್ನ ಅಭಿಪ್ರಾಯ. ದಾರಿಯಲ್ಲಿ ಕ್ರಿಕೆಟ್ ಸಿಗುವುದಿಲ್ಲ. ಬ್ರೌಸರಿನಲ್ಲೇ ಬರೆಯುವ ಗೂಗಲ್ ಡಾಕ್ಸ್ ಬಳಸುವವರು ಕಂಟ್ರೋಲ್ ಜೊತೆ ಟ್ಯಾಬ್ ಒತ್ತಿ ಪುಟದಿಂದ ಪುಟಕ್ಕೆ ಹೋಗಬಹುದು. ಮ್ಯಾಕ್ ಇರುವವರಿಗೆ ಕಮಾಂಡ್ ಕೀಲಿಯ ಜೊತೆ, ಅಮೆರಿಕದ ಮಾದರಿಯ ಕೀಲಿಮಣೆಯಾದರೆ, ಟ್ಯಾಬ್‌ನ ಮೇಲಿರುವ ಕೀಲಿ.

ಅಂಗಡಿಯಲ್ಲಿ ನಾನು ಇದನ್ನು ಇನ್ನೊಂದು ಕೆಲಸಕ್ಕೂ ಬಳಸತೊಡಗಿದೆ. ಆ ಉಪಾಯ ಯಾರೂ ಹೇಳಿಕೊಟ್ಟದ್ದಲ್ಲ, ಕೈಗೆ ತಾನಾಗಿ ಬಂದದ್ದು. ಒಂದೇ ಒಕ್ಕಣೆಯ ಎರಡು ಕಾಗದಗಳನ್ನು ಪರದೆಯ ತುಂಬ ಹರಡಿ, ಒಂದೇ ಪುಟದಲ್ಲಿ ನಿಲ್ಲಿಸಿ, ಕಂಟ್ರೋಲ್ ಹಿಡಿದು ಎಫ್ 6 ಅನ್ನು ಟಕ ಟಕ ಒತ್ತಿದರೆ ಎರಡರಲ್ಲೂ ಒಂದೇ ಆಗಿರುವುದು ಕದಲದೆ ನಿಲ್ಲುತ್ತದೆ. ಬೇರೆ ಆಗಿರುವುದು ಮಾತ್ರ ಕಣ್ಣೆದುರು ಕುಣಿಯುತ್ತದೆ. ಹೆಸರು ಕುಣಿಯಬೇಕು, ಊರು ಕುಣಿಯಬೇಕು, ಅಂಕಿ ಕುಣಿಯಬೇಕು. ಕುಣಿಯಬೇಕಾದ ಅಂಕಿ ಕುಣಿಯದೆ ನಿಂತಿದ್ದರೆ ಅಲ್ಲೇ ತಪ್ಪು! ಆ ತಾಯಿಯ ಕಾಗದವನ್ನು ಹೀಗೆ ನೋಡಿದ್ದರೆ ಒಂದು ಗಳಿಗೆಯ ಕೆಲಸವಾಗಿತ್ತು.

ಎಷ್ಟೋ ವರ್ಷಗಳ ಮೇಲೆ ಒಂದು ವಿಜ್ಞಾನದ ಲೇಖನ ಓದುವಾಗ ಬೆರಗಾಯಿತು. 1930ರಲ್ಲಿ ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬಾ ಎಂಬ ಯುವಕ ಪ್ಲೂಟೋವನ್ನು ಕಂಡುಹಿಡಿದದ್ದೂ ಹೆಚ್ಚುಕಡಿಮೆ ಹೀಗೆಯೇ. ಆಕಾಶದ ಅದೇ ಭಾಗವನ್ನು ಜನವರಿ 23ರಂದು ಒಮ್ಮೆ, 29ರಂದು ಒಮ್ಮೆ ಫೋಟೋ ತೆಗೆದು, ಎರಡೂ ಗಾಜಿನ ಫಲಕಗಳನ್ನು ಒಂದು ಯಂತ್ರದಲ್ಲಿಟ್ಟು, ಒಮ್ಮೆ ಇದು, ಒಮ್ಮೆ ಅದು ಎಂದು ಬದಲಿಸಿ ಬದಲಿಸಿ ನೋಡುತ್ತಿದ್ದ. ನಕ್ಷತ್ರಗಳೆಲ್ಲ ನಿಂತಲ್ಲೇ ನಿಂತಿದ್ದವು, ಒಂದು ಚುಕ್ಕಿ ಮಾತ್ರ ಅತ್ತಿಂದಿತ್ತ ಹಾರಿತು. ಫೆಬ್ರವರಿ 18ರಂದು ಅವನಿಗೆ ಸಿಕ್ಕ ಆ ಚುಕ್ಕಿಯನ್ನು 2006ರವರೆಗೂ ಒಂಬತ್ತನೆಯ ಗ್ರಹ ಎಂದು ನಾವೆಲ್ಲ ಬಾಯಿಪಾಠ ಮಾಡಿದೆವು. ಆಮೇಲೆ ಅದನ್ನು ಕುಬ್ಜ ಗ್ರಹಗಳ ಪಂಕ್ತಿಗೆ ಇಳಿಸಿದರು. ಇಂದಿನ ವರ್ಡ್‌ನಲ್ಲಿ ಎರಡು ಕಾಗದಗಳ ವ್ಯತ್ಯಾಸವನ್ನು ಅದೇ ಗುರುತು ಮಾಡಿ ತೋರಿಸುವ ಏರ್ಪಾಡೂ ಇದೆ, ಅಕ್ಕಪಕ್ಕದಲ್ಲಿಟ್ಟು ನೋಡುವ ಸೌಕರ್ಯವೂ ಇದೆ. ನನಗೇಕೋ ಟಕ ಟಕವೇ ಹಿತ.

ಇಷ್ಟು ಹೊಗಳಿದ ಮೇಲೆ ಅದರ ಕೆಡುಕನ್ನೂ ಹೇಳಬೇಕು. ಎಷ್ಟು ಬೇಗ ಹಾಳೆ ಬದಲಾಗುತ್ತದೋ ಅಷ್ಟೇ ಬೇಗ ತಪ್ಪು ಹಾಳೆಯಲ್ಲಿ ಬರೆಯಲೂಬಹುದು. ಎರಡನೆಯ ದಿನ ಬೆಳಿಗ್ಗೆಯೇ ನನ್ನ ಹುಡುಗಿಗೆ ಅದು ಆಯಿತು. ಕೀಲಿ ಕಲಿತ ಹುರುಪಿನಲ್ಲಿ ಅರ್ಧ ಪುಟ ವರದಿಯನ್ನು ಟಿಪ್ಪಣಿಯ ಮಧ್ಯೆ ಹೊಡೆದು ಕೂತಿದ್ದಳು. ಫೈಲುಗಳ ಹೆಸರು ನೋಡಿದೆ. ಒಂದು 'ಫೈನಲ್', ಇನ್ನೊಂದು 'ಫೈನಲ್ 2', ಮೂರನೆಯದು ಹೆಸರೇ ಇಲ್ಲದ 'ಡಾಕ್ಯುಮೆಂಟ್ 1'. ಆ ಹೆಸರು ನೋಡಿ ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಇಪ್ಪತ್ತು ವರ್ಷ ಕಳೆದರೂ ಅದು ಅದೇ ಹೆಸರಿಟ್ಟುಕೊಂಡು ಕಾಯುತ್ತಿದೆ!

"ಮೊದಲು ನಾಮಕರಣ ಮಾಡು, ಆಮೇಲೆ ಅನ್ನ ಉಣಿಸು" ಎಂದು ಗದರಿದೆ. ಖಾಲಿ ಹಾಳೆಯಾಗಿರುವಾಗಲೇ ಹೆಸರು ಕೊಟ್ಟು ಉಳಿಸಬೇಕು. ಹೆಸರಿನ ಮೊದಲ ಪದವೇ ಬೇರೆ ಬೇರೆ ಇರಬೇಕು. ಯಾಕೆಂದರೆ ಅವಸರದ ಕಣ್ಣು ಓದುವುದು ಮೊದಲ ಪದವನ್ನು ಮಾತ್ರ. ಹಾಳೆ ಬದಲಾದ ಕೂಡಲೇ ಪರದೆಯ ನೆತ್ತಿಯಲ್ಲಿರುವ ಹೆಸರನ್ನು ಒಮ್ಮೆ ನೋಡಿ, ಆಮೇಲೆ ಬೆರಳು ಇಳಿಸಬೇಕು. ಮಕ್ಕಳು ಮನೆಯಲ್ಲಿ ಬರೆಯುವಾಗ ಪಕ್ಕದಲ್ಲಿ ಕೂರುವ ಅಪ್ಪ ಅಮ್ಮಂದಿರಿಗೆ ಕಂಪ್ಯೂಟರ್ ಗೊತ್ತಿಲ್ಲದಿದ್ದರೂ ಇದೊಂದನ್ನು ನೋಡಲು ಬರುತ್ತದೆ: ಮೇಲೆ ಏನು ಹೆಸರಿದೆ ಓದು ಎಂದು ಕೇಳಬಹುದು. ಪ್ರಿಂಟ್ ಆದ ಮೇಲೆ ಪೂರ್ತಿ ಓದಿ ಹೇಳು ಎಂದೂ ಕೇಳಬಹುದು. 2003ರ ನಂತರ ಅಂಗಡಿಯಲ್ಲಿ ಹೆಬ್ಬೆಟ್ಟಿನವರು ಯಾರು ಬಂದರೂ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳದೆ ನಾನು ಶಾಯಿಪೆಟ್ಟಿಗೆ ಮುಂದೆ ತಳ್ಳಲಿಲ್ಲ. ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು, ಯಜಮಾನರೂ ಗೊಣಗುತ್ತಿದ್ದರು.

ಅನ್‌ಡೂ ಮಾಡಿ, ಬರೆದದ್ದನ್ನು ಸರಿಯಾದ ಹಾಳೆಗೆ ಸಾಗಿಸಿ, ಮೂರೂ ಫೈಲಿಗೆ ಹೆಸರಿಟ್ಟ ಮೇಲೆ ಅವಳು, "ದೊಡ್ಡಮ್ಮ, ಡಾಕ್ಯುಮೆಂಟ್ 1 ಅಂದ್ರೆ ನಿಮಗ್ಯಾಕೆ ಅಷ್ಟು ಕೋಪ?" ಎಂದು ಕೇಳಿದಳು. ಹಿಂದಿನ ದಿನ ಬಿಟ್ಟಿದ್ದ ಅರ್ಧವನ್ನು ಆಗ ಹೇಳಿದೆ. ವ್ಯಾಪಾರಿಯ ನಗು, ಶಾಯಿಯ ಬೆರಳು, ಎಲ್ಲ. ಕಂಪ್ಯೂಟರ್ ತಪ್ಪು ಮಾಡಿತು ಎಂದದ್ದನ್ನೂ ಹೇಳಿದೆ.

"ಆಮೇಲಾದ್ರೂ ಅವರಿಗೆ ನಿಜ ಹೇಳಿದ್ರಾ?"

ಇಲ್ಲ ಎಂದೆ. ಆ ತಾಯಿ ಮತ್ತೆ ಅಂಗಡಿಗೆ ಬರಲಿಲ್ಲ. ಹುಡುಗ ಒಮ್ಮೆ ಸಿಕ್ಕಿದ್ದ, ಎರಡು ವರ್ಷದ ಮೇಲೆ, ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ. ಹನೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದ. ಮೀಸೆ ಚಿಗುರಿತ್ತು. ನಾನು ಗುರುತು ಹಿಡಿಯುವ ಮೊದಲೇ ಅವನೇ ಹತ್ತಿರ ಬಂದು ನಮಸ್ಕಾರ ಮಾಡಿ, ಪಿಯುಸಿ ಪಾಸಾಯಿತು ಎಂದ. ಬಸ್ಸು ಬಂತು. ಮೆಟ್ಟಿಲು ಹತ್ತುತ್ತ ಹಿಂದಿರುಗಿ, "ಅಕ್ಕಾ, ಆ ಮಿಷನ್ನು ಸರಿ ಹೋಯ್ತಾ?" ಎಂದು ಕೇಳಿದ.

"ಹೂಂ ಕಣಪ್ಪ, ಸರಿ ಹೋಯ್ತು" ಎಂದೆ.